ಎರ್ರಪ್ಪನ ಉಣ್ಣೆಮರಿ

ಎರ್ರಪ್ಪನ ಸಂಸಾರ ಕೆಟ್ಟದ್ದು ಒಂದು ಟವಲ್ಲಿನಿಂದ.

ಕುರಿ ಸಂತೆಯಲ್ಲಿ ಹಳಬರು ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕೈಗೆ ಕೈ ಸೇರಿಸಿ, ಮೇಲೆ ಟವಲ್ಲು ಹೊದಿಸಿ, ಬೆರಳು ಒತ್ತಿ ಕೇಳುತ್ತಾರೆ. ಮಾರುವವನು ತಿರುಗಿ ಒತ್ತಿದನೋ, ಮುಗಿಯಿತು. ಬ್ರಹ್ಮ ಬಂದರೂ ಮಾತು ಹಿಂದಕ್ಕಿಲ್ಲ. ಎರ್ರಪ್ಪ ಅವತ್ತು ರಾಯದುರ್ಗಕ್ಕೆ ಹೊಡೆದುಕೊಂಡು ಹೋದದ್ದು ಎರಡು ಟಗರು. ಹೆಂಡತಿ ಮೈಲಾರಮ್ಮ ಬಾಟಲಿ ಹಾಲು ಕುಡಿಸಿ ಸಾಕಿದ ಚುಕ್ಕಿ ಎಂಬ ಕರಿಕುರಿ ನಾಯಿಯ ಹಾಗೆ ತಾನೇ ಹಿಂದೆ ಬಂದಿತ್ತು. ಯಾರೋ ವ್ಯಾಪಾರಿ ಟವಲ್ಲು ಹಾಸಿದ. 'ನಮ್ಮ ಚುಕ್ಕಿ ಎಷ್ಟಕ್ಕ ಬಾಳ್ತಾಳ, ನೋಡೇಬಿಡೋಣ' ಎಂಬ ಚಪಲಕ್ಕೆ ಎರ್ರಪ್ಪ ಕೈ ಕೊಟ್ಟ. ಅದೇ ಹೊತ್ತಿಗೆ ಅವನಿಗೆ ಭಯಂಕರವಾದ ಸೀನು ಬಂತು. ಬೆರಳು ತಾನಾಗಿ ಒತ್ತಿಕೊಂಡಿತು.

ಚುಕ್ಕಿ ಆಗ ತುಂಬು ಬಸುರಿ.

"ಬಸುರೀನ ಸಂತೇಲಿ ಮಾರ್ಬಂದ್ಯಲ್ಲ, ಇನ್ನು ನನ್ನ ಯಾವ ಸಂತೇಲಿ ಮಾರ್ತೀಯ?" ಎಂದಳು ಮೈಲಾರಮ್ಮ. ಅವಳದು ಮಡಕಶಿರಾ ಕಡೆಯ ಮಾತು, ಮೆಣಸಿನಕಾಯಿಯಂತೆ ಸಣ್ಣಗಿದ್ದು ಚುರುಕು. "ಚುಕ್ಕಿ ಈ ಮನೆಗೆ ಬಂದ್ರೆ ನಾನೂ ಬತ್ತೀನಿ" ಎಂದು ಗಂಟು ಕಟ್ಟಿ ರೊಳ್ಳದ ಹತ್ತಿರದ ತವರಿಗೆ ನಡೆದೇಬಿಟ್ಟಳು.

ಕಣೇಕಲ್ಲಿನ ಆ ಮನೆಯಲ್ಲಿ ಎರ್ರಪ್ಪನಿಗೆ ಆಮೇಲೆ ಬೈಯುವವರೇ ಇಲ್ಲವಾದರು. ಬೇಕೆಂದೇ ಚಪ್ಪಲಿಯನ್ನು ಒಲೆಯ ತನಕ ಮೆಟ್ಟಿಕೊಂಡು ಹೋಗಿ ನಿಲ್ಲುತ್ತಿದ್ದ. ಯಾರೂ "ಏಯ್" ಅನ್ನುತ್ತಿರಲಿಲ್ಲ. ತಾನೇ ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬರುತ್ತಿದ್ದ. ಬೈಗುಳವಿಲ್ಲದ ಮನೆ ಉಪ್ಪಿಲ್ಲದ ಸಾರಿನಂತಾಗಿತ್ತು.

ಚುಕ್ಕಿಯನ್ನು ಹುಡುಕಿ ಸೋತ ಮೇಲೆ ಅವನ ಕಣ್ಣಿಗೆ ಬಿದ್ದದ್ದು ಅಟ್ಟದ ಮೇಲಿನ ಚೀಲ. ಹಿಂದಿನ ಸಲ ಕತ್ತರಿಸಿದ ಚುಕ್ಕಿಯ ಉಣ್ಣೆ. ಪಕ್ಕದ ಮನೆಯ ಜ್ಯೋತಿ ಸಂಘದ ತರಬೇತಿಯಲ್ಲಿ ಉಣ್ಣೆಗೊಂಬೆ ಮಾಡುವುದನ್ನು ಕಲಿತು ಬಂದಿದ್ದಳು. ಮೈತುಂಬ ಸಣ್ಣ ಕಚ್ಚುಗಳಿರುವ ಸೂಜಿಯಿಂದ ಉಣ್ಣೆಯ ಉಂಡೆಯನ್ನು ಚುಚ್ಚುತ್ತಾ ಹೋದರೆ ಎಳೆಗೆ ಎಳೆ ಹೆಣೆದುಕೊಂಡು ಗಟ್ಟಿಯಾಗುತ್ತದೆ. ಆನೆ ಬೇಕೆಂದರೆ ಆನೆ, ಗುಬ್ಬಿ ಬೇಕೆಂದರೆ ಗುಬ್ಬಿ. ಚುಕ್ಕಿ ಸಿಗದಿದ್ದರೆ ಚುಕ್ಕಿಯ ಉಣ್ಣೆಯ ಮರಿಯನ್ನಾದರೂ ಹೆಂಡತಿಗೆ ಒಯ್ಯೋಣ ಎಂದು ಎರ್ರಪ್ಪ ಸೂಜಿ ಹಿಡಿದ.

"ಮಾವಾ, ಮೊದಲು ಉಣ್ಣಿ ತೊಳೀಬೇಕು. ನಾತ ನೋಡ್ರಿ!" ಎಂದಳು ಜ್ಯೋತಿ.

"ತೊಳದ್ರ ಚುಕ್ಕಿ ವಾಸನಿ ಹೋಗ್ತೈತವ್ವಾ. ನನ್ನ ಹೆಂಡ್ತಿ ಮೂಸಿ ನೋಡ್ತಾಳ, ನನಗ ಗೊತ್ತು" ಎಂದ ಎರ್ರಪ್ಪ.

ಉಣ್ಣೆಯನ್ನು ಚುಚ್ಚಿದ್ದಕ್ಕಿಂತ ಬೆರಳನ್ನು ಚುಚ್ಚಿಕೊಂಡದ್ದೇ ಹೆಚ್ಚು. ಮೊದಲನೆಯದು ಬದನೆಕಾಯಿಯಂತಾಯಿತು. ಎರಡನೆಯದು ಜ್ಯೋತಿಯ ಗಂಡನಂತಾಯಿತು. ಕೊನೆಗೊಂದು ದಿನ, ಹಣೆಯ ಮೇಲೆ ಬಿಳಿ ಚುಕ್ಕೆ ಇಟ್ಟು ಕರಿಮಣಿಯ ಕಣ್ಣು ಹೊಲಿದಾಗ, ಈಗ ತಾನೇ ಹುಟ್ಟಿದ ಕುರಿಮರಿ ಅವನ ತೊಡೆಯ ಮೇಲೆ ಮಲಗಿತ್ತು.

ಮಾರನೆಯ ಬೆಳಿಗ್ಗೆ ಅವನು ಮರಿಯನ್ನು ಚೀಲಕ್ಕೆ ತುರುಕಿ ಹೆಂಡತಿಯ ತವರಿಗೆ ಹೊರಟಾಗ ಎದುರುಮನೆಯ ಹಂಪಕ್ಕ ಅಡ್ಡ ಬಂದಳು. "ಎರ್ರಪ್ಪಾ, ಹಂಗ ತುರುಕಿದ್ರ ಕಿವಿ ಮುದುರ್ತಾವ. ತಲಿ ಹೊರಗ ಇಡು." ಅವನು ಇಟ್ಟ. ಪೇಚಾಟ ಶುರುವಾದದ್ದು ಅಲ್ಲಿಂದ.

ರಾಯದುರ್ಗದಲ್ಲಿ ಮಡಕಶಿರಾದ ಬಸ್ಸು ಹತ್ತಿದ. ಕಂಡಕ್ಟರ್ ಮಾರೇಶ "ಪದಂಡಿ, ಪದಂಡಿ" ಎಂದು ತೆಲುಗಿನಲ್ಲಿ ಅವಸರಿಸುತ್ತಾ ಜನರನ್ನು ಒಳಕ್ಕೆ ನೂಕುತ್ತಾ ಬಂದು ನಿಂತ.

"ಮರಿಗೆ ಟಿಕೆಟ್ ತೊಗೋರಿ."

"ಇದು ಮರಿ ಅಲ್ರಿ, ಗೊಂಬಿ."

"ದಿನಾ ಇಂಥವು ನೂರು ಕೇಳ್ತೀನ್ರಿ" ಎಂದು ಮಾರೇಶ ಅದರ ಮೂಗು ಹಿಂಡಿದ. ಮರಿ ಕಣ್ಣು ಮಿಟುಕಿಸಲಿಲ್ಲ. "ಅಯ್ಯಯ್ಯೋ, ಸತ್ತೈತಿ! ಸತ್ತ ಮರೀನ ಬಸ್ಸಿನಾಗ ತರ್ತೀರಲ್ರೀ!"

ಮುಂದಿನ ಸೀಟಿನವರು ಸೆರಗನ್ನು ಮೂಗಿಗೆ ಹಿಡಿದರು. ತೊಳೆಯದ ಉಣ್ಣೆಯ ನಾತವೂ ಸಾಕ್ಷಿ ಹೇಳಿತು. ಎರ್ರಪ್ಪ ಬೆವರುತ್ತಾ ಗೊಂಬೆಯನ್ನು ಪೂರ್ತಿ ಹೊರಗೆ ತೆಗೆದು ಎತ್ತಿ ತೋರಿಸಿದ. ಅದರ ಹೊಟ್ಟೆಯಲ್ಲಿ ಅವನು ಮರೆತ ಸೂಜಿ ಫಳಫಳ ಹೊಳೆಯಿತು.

"ಮಾಟದ ಗೊಂಬಿ!" ಎಂದು ಹಿಂದಿನಿಂದ ಒಬ್ಬ ಮುದುಕ ಕೂಗಿದ. "ಯಾರಿಗೋ ಇದು, ಹೇಳು!"

"ನನ್ನ ಹೆಂಡ್ತಿಗ್ರೀ" ಎಂದ ಎರ್ರಪ್ಪ, ನಿಜ ಹೇಳಿದರೆ ಬಿಡುತ್ತಾರೆಂದು.

ಬಸ್ಸು ನಿಂತಿತು. ಅವನನ್ನು ಇಳಿಸಲು ಅರ್ಧ ಜನ, ಪೊಲೀಸರಿಗೆ ಒಪ್ಪಿಸಲು ಅರ್ಧ ಜನ. ಬಾಗಿಲಿನ ಕಂಬ ತಬ್ಬಿಕೊಂಡು ಎರ್ರಪ್ಪ ಟವಲ್ಲಿನಿಂದ ಸೀನಿನ ತನಕ, ಚಪ್ಪಲಿಯಿಂದ ಸೂಜಿಯ ತನಕ ಎಲ್ಲವನ್ನೂ ಒದರಿದ. "ಆಕಿ ಬೈದು ಭಾಳ ದಿನ ಆತ್ರೀ" ಎಂದು ಮುಗಿಸಿದ.

ಆಮೇಲೆ ಹೆಂಗಸರ ಕಡೆಯಿಂದ ಒಬ್ಬಾಕೆ, "ಬಸುರೀನ ಮಾರಿದ್ಯಾ? ಥೂ ನಿನ್ನ!" ಎಂದಳು. ಉಳಿದವರೂ ಸರದಿಯ ಮೇಲೆ ಬೈದರು. ಎರ್ರಪ್ಪನಿಗೆ ಸ್ವಲ್ಪ ಹಾಯೆನಿಸಿತು. ಆದರೆ ಅದು ಮೈಲಾರಮ್ಮನ ಬೈಗುಳದಂತಿರಲಿಲ್ಲ, ಹಿಂದೆಯೇ ಬಿಸಿ ರೊಟ್ಟಿ ಬರಲಿಲ್ಲ.

ಇಳಿಯುವಾಗ ಮಾರೇಶ, "ಸಂಜೀಕ ಇದೇ ಬಸ್ಸು ವಾಪಸ್. ಮುಂದಿನ ಎರಡು ಸೀಟು ಇಟ್ಟಿರ್ತೀನಿ. ಅಕ್ಕನ್ನ ಕರಕೊಂಡೇ ಬರ್ರಿ" ಎಂದ.

ಅತ್ತೆಮನೆಯ ಜಗುಲಿಯ ಮೇಲೆ ಮೈಲಾರಮ್ಮ ಕೂತಿದ್ದಳು. ತಲೆ ಬಾಚಿತ್ತು. ಒಳ್ಳೆಯ ಸೀರೆ ಉಟ್ಟಿದ್ದಳು. ಪಕ್ಕದಲ್ಲಿ ಕಟ್ಟಿದ ಗಂಟು.

"ಈಗ ಬಂದ್ಯಾ?" ಎಂದಳು. "ನಾನೇ ಊರಿಗೆ ಹೊಂಟಿದ್ದೆ."

ಅವಳ ತಮ್ಮ ಹನುಮಂತರಾಯ ಒಳಗಿನಿಂದ ಬಂದ. "ಕೂತ್ಕೋ ಬಾವ. ಚುಕ್ಕೀನ ಕೊಂಡಿದ್ದೋನು ನಮ್ ಕಡೆಯೋನೇ. ಬಿಡಿಸ್ಕಂಡು ಬಂದಿದ್ವಿ."

"ನನಗ್ಯಾಕ ಹೇಳಲಿಲ್ಲ?"

"ಯಾಕ್ ಹೇಳ್ಬೇಕು? ಇನ್ನೊಂದ್ಸಲ ಸೀನಾಕಾ?" ಎಂದಳು ಮೈಲಾರಮ್ಮ. ಆಮೇಲೆ ಮೆತ್ತಗಾದಳು. "ಮೊನ್ನೆ ಈಯ್ತು. ಮರಿ ಉಳೀಲಿಲ್ಲ. ಹುಲ್ಲು ಮುಟ್ಟಲ್ಲ, ನೀರು ಮುಟ್ಟಲ್ಲ, ಗೋಡೆ ನೋಡ್ಕಂಡು ನಿಂತೈತೆ. ಅದರ ಮುಖ ನೋಡ್ಕಂಡು ಇಲ್ಲಿರಾಕೆ ನನ್ ಕೈಲಾಗಲ್ಲ. ನಡಿ, ಹೋಗನ."

ಆ ಮಾತಿಗೇ ಎರ್ರಪ್ಪ ಅವಳ ಗಂಟು ಎತ್ತಿಕೊಂಡು ಓಡಬೇಕಿತ್ತು. ಆದರೆ ಅಷ್ಟು ದಿನ ಚುಚ್ಚಿ ಚುಚ್ಚಿ ಮಾಡಿದ್ದು! ಹೆಂಡತಿಗೆ ತೋರಿಸದೆ ಇರಲಾದೀತೇ? "ಒಂದೀಟು ನಿಲ್ಲು" ಎಂದು ಚೀಲ ಬಿಚ್ಚಿದ.

ಹಟ್ಟಿಯಿಂದ ಒಂದು ಕೂಗು ಎದ್ದಿತು. ಗೋಡೆ ನೋಡುತ್ತಿದ್ದ ಚುಕ್ಕಿ ಹಗ್ಗ ಹರಿದು, ಹನುಮಂತರಾಯನನ್ನು ಕೆಡವಿ, ಜಗುಲಿ ಹತ್ತಿತು. ಉಣ್ಣೆಮರಿಯನ್ನು ಮೂಸಿತು. ತನ್ನದೇ ಮೈಯ ವಾಸನೆ. ಗಂಟಲಲ್ಲೇ ಗುರುಗುಟ್ಟುತ್ತಾ ತಲೆಯಿಂದ ಬಾಲದ ತನಕ ನೆಕ್ಕಿತು. ಮರಿಯನ್ನು ಕಾಲ ನಡುವೆ ಇಟ್ಟುಕೊಂಡು, ಪಕ್ಕದಲ್ಲಿದ್ದ ಹಿಪ್ಪುನೇರಳೆ ಸೊಪ್ಪಿಗೆ ಬಾಯಿ ಹಾಕಿತು.

ಮೈಲಾರಮ್ಮ ಗಂಡನ ಕೈ ಹಿಡಿದುಕೊಂಡಳು. ತೂತು ಬಿದ್ದ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಕೋತಿ, ಇಷ್ಟು ಚುಚ್ಕಂಡಿದೀಯಲ್ಲ" ಎಂದು ಅರಿಸಿನ ತಂದು ಹಚ್ಚಿದಳು. ಎರ್ರಪ್ಪ ಕಣ್ಣು ಮುಚ್ಚಿದ. ಇಷ್ಟು ದಿನ ಕಾದದ್ದು ಈ ಬೈಗುಳಕ್ಕೇ.

ಕಣ್ಣು ತೆರೆದಾಗ ಅವಳು ಗಂಟು ಬಿಚ್ಚುತ್ತಿದ್ದಳು.

"ಯಾಕ? ಬಸ್ಸಿಗೆ ಹೊತ್ತಾತು!"

"ಹಸಿ ಬಾಣಂತಿ ಕಣೋ ಅವ್ಳು. ಬಾಣಂತೀನ ತವರುಮನೆ ದಾಟುಸ್ತಾರಾ? ಬಾಣಂತನ ಮಾಡೋಳು ನಾನಲ್ದೆ ಇನ್ಯಾರು?"

"ಎಷ್ಟು ದಿನ?"

"ಎಲ್ಲಾ ಕುರಿಗೂ ಎಷ್ಟೋ ಅಷ್ಟೇ. ಮರಿ ದೊಡ್ಡದಾಗಿ ಹುಲ್ಲು ಕಚ್ಚೋಗಂಟ."

ಎರ್ರಪ್ಪ ಮರಿಯನ್ನು ನೋಡಿದ. ಮರಿ ಕರಿಮಣಿಯ ಕಣ್ಣಿನಿಂದ ಅವನನ್ನು ನೋಡಿತು.

ಸಂಜೆ ಬಸ್ಸಿನಲ್ಲಿ ಮುಂದಿನ ಎರಡು ಸೀಟು ಖಾಲಿ ಇದ್ದವು. ಎರ್ರಪ್ಪ ಕಿಟಕಿಯ ಕಡೆ ಕೂತ. ಪಕ್ಕದ ಸೀಟಿನ ಮೇಲೆ ಖಾಲಿ ಚೀಲ ಇಟ್ಟ. ಮಾರೇಶ ಬಂದು ಚೀಲ ನೋಡಿದ, ಅವನ ಮುಖ ನೋಡಿದ.

"ಮರಿ ಒಪ್ಪಲಿಲ್ಲೇನ್ರಿ?"

"ಭಾಳ ಒಪ್ಪಿತ್ರಿ."

"ಮತ್ತ ಅಕ್ಕ? ಯಾವಾಗ ಬರ್ತಾರ?"

ಎರ್ರಪ್ಪ ಅರಿಸಿನದ ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದುಕೊಂಡ.

"ಮರಿ ದೊಡ್ಡದಾದ ಮ್ಯಾಲ್ರಿ."