ಎಂಟು ತೂತಿನ ಡಬ್ಬಿ

ನಮ್ಮ ಕಾಕಾ ಒಂದು ಡಬ್ಬಿ ಕೊಳ್ಳಲು ಎರಡು ವರ್ಷ ತೆಗೆದುಕೊಂಡರು ಎಂದರೆ ನೀವು ಅವರನ್ನು ಜಿಪುಣ ಎಂದುಕೊಳ್ಳುತ್ತೀರಿ. ಜಿಪುಣರಾಗಿದ್ದರೆ ನಾನು ಕೈಮುಗಿಯುತ್ತಿದ್ದೆ. ಜಿಪುಣ ಏನನ್ನೂ ಕೊಳ್ಳುವುದಿಲ್ಲ, ಮನೆಯವರಿಗೆ ನೆಮ್ಮದಿ. ನಮ್ಮ ಕಾಕಾ ಕೊಳ್ಳುವವರು. ಕೊಳ್ಳುತ್ತಲೇ ಇರುವವರು. ಕೊಂಡು ಮುಗಿಸದವರು.

ಪುಣೆಯ ಹತ್ತಿರ ಚಾಕಣದ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಅವರು ಮೂವತ್ತು ವರ್ಷ ಇದ್ದರು. ನಟ್ಟು, ಬೋಲ್ಟು, ವಾಷರು. ಏನೇ ಕೊಳ್ಳುವ ಮೊದಲು ಮೂರು ಕಡೆಯಿಂದ ಕೊಟೇಶನ್ ತರಿಸಬೇಕು, ಮೂರನ್ನೂ ಒಂದು ಹಾಳೆಯ ಮೇಲೆ ಅಕ್ಕಪಕ್ಕ ಬರೆದು ಹೋಲಿಸಬೇಕು, ಆಮೇಲೆ ಸಹಿ. ನಿವೃತ್ತಿಯ ದಿನ ಕಾರ್ಖಾನೆ ಅವರಿಗೆ ಶಾಲು ಹೊದಿಸಿ ಕಳಿಸಿತು. ಆ ಹಾಳೆಯನ್ನು ಕಿತ್ತುಕೊಳ್ಳುವುದನ್ನು ಮರೆಯಿತು. ಅಂದಿನಿಂದ ಕೊತ್ತಂಬರಿಗೂ ಮೂರು ಕೊಟೇಶನ್. ನನ್ನ ಮದುವೆಯಲ್ಲಿ ಹಾರದ ಹೊಣೆ ಅವರದಾಗಿತ್ತು. ಮುಹೂರ್ತದ ಹೊತ್ತಿಗೆ ಮೂರು ಕೊಟೇಶನ್ ಬಂದಿದ್ದವು, ಹಾರ ಬಂದಿರಲಿಲ್ಲ. ಬಂದಿತ್ತು ಎನ್ನುತ್ತಾಳೆ ನನ್ನ ಹೆಂಡತಿ. ಫೋಟೋದಲ್ಲಿ ಇಬ್ಬರ ಕೊರಳಲ್ಲೂ ಹಾರ ಇದೆ. ನಾನು ಫೋಟೋವನ್ನು ನಂಬುವುದಿಲ್ಲ. ಕಾಕಾನ ಮೇಲಿನ ನನ್ನ ಸಿಟ್ಟು ಸಾಕ್ಷಿ ಬೇಡದಷ್ಟು ಹಳೆಯದು.

ನಾವಿರುವುದು ಪುಣೆಯ ಸದಾಶಿವ ಪೇಠದಲ್ಲಿ, ಹಳೆಯ ವಾಡೆಯೊಂದನ್ನು ಕೆಡವಿ ಎಬ್ಬಿಸಿದ ಕಟ್ಟಡದಲ್ಲಿ. ಕಾಕಾ ಎರಡನೆಯ ಮಹಡಿ, ನಾನು ಮೂರನೆಯದು. ಪ್ರತಿ ಗುರುವಾರ ಮಧ್ಯಾಹ್ನ ಅವರ ಮನೆಯಲ್ಲಿ ಅವರ ಹೆಂಡತಿ, ನಮ್ಮ ಕಾಕುವಿನ ಭಜನಾ ಮಂಡಳಿ ಸೇರುತ್ತದೆ. ಎಂಟು ಜನ ಹೆಂಗಸರು. ವಿಜಾಪುರ, ಬಾಗಲಕೋಟೆ ಕಡೆಯಿಂದ ಲಗ್ನವಾಗಿ ಪುಣೆಗೆ ಬಂದವರು. ವಾರವಿಡೀ ತರಕಾರಿಯವನೊಡನೆ, ಸೊಸೆಯೊಡನೆ, ಡಾಕ್ಟರೊಡನೆ ಮರಾಠಿ ಆಡಿ, ಆ ಎರಡು ತಾಸು ಕನ್ನಡದಲ್ಲಿ ಬಾಯಿ ಬಿಡುವವರು. ಹಾರ್ಮೋನಿಯಂ ಸುಮಿತ್ರಾಬಾಯಿಯದು, ಆದ್ದರಿಂದ ಅಧಿಕಾರವೂ ಅವರದೇ.

ಕಾಕುವನ್ನು ವೈನಿ ಎಂದು ಕರೆಯುವ ಈ ಸುಮಿತ್ರಾಬಾಯಿ ಒಂದು ದಿನ ಕಾಕಾನನ್ನು ಮೆಟ್ಟಿಲ ಮೇಲೆ ತಡೆದರು. ನಾನು ಹಿಂದೆಯೇ ಇದ್ದೆ. ಇದ್ದೆ ಎಂದುಕೊಂಡಿದ್ದೇನೆ, ಕೇಳಿದ್ದನ್ನೆಲ್ಲ ನಾನೇ ಕಂಡೆ ಎಂದು ನೆನಪಿಟ್ಟುಕೊಳ್ಳುವ ರೋಗ ನನಗಿದೆ.

"ರಾಯರ, ಸಿಟ್ಟ ಮಾಡ್ಕೋಬ್ಯಾಡ್ರಿ. ವೈನಿಯವರ ಕಿವಿ ಮಂದ ಆಗ್ಯಾವ. ಸುರ ಬಿಟ್ಟು ಹಾಡ್ಲಿಕತ್ತಾರ. ಅವರ ಸಂಗಡ ಉಳದವ್ರೂ ಜಾರತಾರ."

"ಹಂಗಾದ್ರ ಏನ್ ಮಾಡಬೇಕಂತೀರಿ?"

"ಬರೇ ತಾಳ ಹಾಕ್ಲಿ. ತುಟಿ ಆಡಸಲಿ, ಸಾಕು. ಅವರಿಗೆ ಹೆಂಗ ಹೇಳೂದು ನನಗ ತಿಳೀವಲ್ದು. ನೀವ ಹೇಳ್ರಿ."

"ನೋಡೋಣ್ರಿ," ಎಂದರು ಕಾಕಾ, ಸರಕು ಪೂರೈಸುವವರಿಗೆ ಹೇಳುತ್ತಿದ್ದ ಧಾಟಿಯಲ್ಲಿ.

ಕಾಕುವಿನ ಕಿವಿಯ ಮಷೀನು ಕಪಾಟಿನಲ್ಲಿದೆ. ಹಾಕಿಕೊಂಡು ಹಾಡಿದರೆ ಕುಂಯ್ ಎನ್ನುತ್ತದೆ, ಆದ್ದರಿಂದ ಹಾಕಿಕೊಳ್ಳುವುದಿಲ್ಲ. ವಾರದಲ್ಲಿ ಆ ಎರಡು ತಾಸು ಬಿಟ್ಟರೆ ಅವರಿಗೆ ತಮ್ಮದು ಎನ್ನುವ ಬೇರೆ ಏನೂ ಇಲ್ಲ. ಅದನ್ನು ಕಿತ್ತುಕೊಳ್ಳುವ ಕೆಲಸ ಗಂಡನಿಗೆ ಬಂತು. ನೀವಾದರೆ ಏನು ಮಾಡುತ್ತಿದ್ದಿರಿ? ಹೆಂಡತಿಗೆ ಹೇಳುತ್ತಿದ್ದಿರಿ, ಇಲ್ಲವೆ ಸುಮಿತ್ರಾಬಾಯಿಯೊಡನೆ ಜಗಳ ಆಡುತ್ತಿದ್ದಿರಿ. ಕಾಕಾ ಒಂದು ಹೊಸ ಹಾಳೆ ತೆಗೆದರು.

ಅವರ ಯೋಜನೆ ಹೀಗಿತ್ತು. ಮಂಡಳಿಯ ಹಾಡನ್ನು ಮನೆಯಲ್ಲೇ ರೆಕಾರ್ಡು ಮಾಡುವುದು. ಒಬ್ಬೊಬ್ಬರ ಮುಂದೆ ಒಂದೊಂದು ಮೈಕು. ಎಂಟು ಮೈಕಿನ ಎಂಟು ದನಿಯನ್ನು ಬೇರೆಬೇರೆಯಾಗಿಯೇ ಕಂಪ್ಯೂಟರಿಗೆ ಮುಟ್ಟಿಸುವ ಒಂದು ಡಬ್ಬಿ ಬರುತ್ತದೆ, ಆಡಿಯೋ ಇಂಟರ್‌ಫೇಸ್ ಎಂದು. ಆಮೇಲೆ ಕಂಪ್ಯೂಟರಿನಲ್ಲಿ ಉಳಿದವರನ್ನು ಮುಟ್ಟದೆ ಕಾಕುವಿನ ದನಿಯೊಂದನ್ನೇ ಸುರಕ್ಕೆ ಎಳೆದು ಕೂರಿಸುವುದು. ಅದನ್ನು ಮಂಡಳಿಗೆ ಕೇಳಿಸಿ ಸುಮಿತ್ರಾಬಾಯಿಯ ಬಾಯಿ ಮುಚ್ಚಿಸುವುದು. ಡಬ್ಬಿ ಮಾತ್ರ ಪೆನ್ಶನ್ನಿನವನಿಗೆ ನಿಲುಕುವಂತಿರಬೇಕು.

"ಮೊಬೈಲನ್ಯಾಗ ರೆಕಾರ್ಡ ಮಾಡ್ರಿ ಕಾಕಾ, ಫುಕಟ್ ಆಗ್ತದ," ಎಂದೆ.

"ಮೊಬೈಲಿಗೆ ಒಂದ ಕಿವಿ, ತಮ್ಮಾ. ಎಲ್ಲಾರನ್ನೂ ಕಲಸಿ ಕುಡೀತದ. ಆಮ್ಯಾಲ ನಿಮ್ಮ ಕಾಕೂನ್ನ ಅದರಾಗಿಂದ ಹೆಂಗ ಹೊರಗ ತಗೀಲಿ?"

ಹೀಗೆ ನಾವು ತಪಕೀರ ಗಲ್ಲಿಯ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯೊಂದಕ್ಕೆ ಹೋಗತೊಡಗಿದೆವು. ನಾನೇಕೆ? ನಾನು ಕೋಚಿಂಗ್ ಕ್ಲಾಸಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ, ಆದ್ದರಿಂದ ವಿಜ್ಞಾನವೆಲ್ಲ ನನ್ನ ಖಾತೆ. ಅಂಗಡಿಯವನು ಅಪ್ಪಟ ಪುಣೇಕರ. ಗಿರಾಕಿ ಒಳಗೆ ಬಂದದ್ದೇ ತನಗಾದ ಅನ್ಯಾಯ ಎಂಬಂತೆ ನೋಡುವವನು. ಅವನು ತೋರಿಸಿದ ಮೊದಲ ಡಬ್ಬಿಯ ಮೇಲೆ ಹದಿನೆಂಟು ಇನ್‌ಪುಟ್ ಎಂದು ಬರೆದಿತ್ತು. ಕಾಕಾ ಕನ್ನಡಕ ಏರಿಸಿ, ಬೆರಳಿಟ್ಟು ಎಣಿಸಿ, ನನ್ನ ಕಡೆ ತಿರುಗಿದರು.

"ಹದಿನೆಂಟ ಅಂತ ಬರದಾರ. ಮೈಕಿನ ತೂತ ನಾಕ ಅದಾವ. ಉಳದ ಹದಿನಾಕ ಎಲ್ಲಿ ಹ್ವಾದು, ಕೇಳು."

ಕೇಳಿದೆ. ಉಳಿದವು ಮೈಕಿಗಲ್ಲ, ಬೇರೆ ಉಪಕರಣಗಳಿಗೆ. ಮೈಕು ಬೇಕಾದರೆ ಇನ್ನೊಂದು ಡಬ್ಬಿ ತಂದು ಇದಕ್ಕೆ ಜೋಡಿಸಬೇಕು ಎಂದ. ಕಾಕಾ ಹಾಳೆಯ ಮೇಲೆ 'ಹದಿನಾಲ್ಕು ಸುಳ್ಳು' ಎಂದು ಬರೆದುಕೊಂಡರು. ನಾಲ್ಕನೆಯ ಸಲ ಹೋದಾಗ ಅಂಗಡಿಯವನು, "ಕಾಕಾ, ಘ್ಯಾಯಚಂ ಆಹೇ, ಕೀ ನುಸ್ತಂ ಬಘಾಯಚಂ?" ಎಂದ. ಕೊಳ್ಳುತ್ತೀರೋ, ಸುಮ್ಮನೆ ನೋಡುತ್ತೀರೋ? ಎರಡಕ್ಕೂ ಕಾಕಾ ತಲೆಯಾಡಿಸಿದರು.

ಹಾಳೆ ಬೆಳೆಯಿತು. ಹನ್ನೊಂದು ಡಬ್ಬಿಗಳು, ಒಂದೊಂದಕ್ಕೂ ಇಪ್ಪತ್ತು ಕಲಮುಗಳು. ಅಗ್ಗದ್ದರಲ್ಲಿ ಗುಂಯ್ ಶಬ್ದ ಬರುತ್ತದೆಯೆ? ಮೈಕಿಗೆ ತಾನೇ ಕರೆಂಟು ಕೊಡುತ್ತದೆಯೆ? ಹಾಡಿದ್ದು ಕಿವಿಗೆ ಎಷ್ಟು ತಡವಾಗಿ ತಿರುಗಿ ಬರುತ್ತದೆ? ಅವರು ಹೋಲಿಸಿ, ಮೆಚ್ಚಿ, ಇನ್ನೇನು ಸಹಿ ಹಾಕಬೇಕು ಎನ್ನುವಾಗ ಆ ಡಬ್ಬಿಯ ತಯಾರಿಕೆಯೇ ನಿಂತಿರುತ್ತಿತ್ತು. ಹೀಗೆ ಮೂರು ಸಲ ಆಯಿತು. ಅಷ್ಟರಲ್ಲಿ ಕಾಕು ಮೊದಲು ಬಾಗಿಲ ಗಂಟೆ ಕೇಳದಾದರು, ಆಮೇಲೆ ಕುಕ್ಕರಿನ ಸೀಟಿ. ಹಾಳೆಯಲ್ಲಿ ಅದಕ್ಕೆ ಕಲಮು ಇರಲಿಲ್ಲ. ಒಂದು ದಿನ ನಾನು ಅದನ್ನು ಹೇಳಿಯೂ ಬಿಟ್ಟೆ. ಕಾಕಾ ಪೆನ್ಸಿಲ್ ಕೆಳಗಿಟ್ಟು ನನ್ನನ್ನು ನೋಡಿದರು, ಮತ್ತೆ ಎತ್ತಿಕೊಂಡರು.

ಒಂದೊಂದು ದನಿಯನ್ನು ಬೇರೆಯಾಗಿ ತಗ್ಗಿಸಬಹುದು, ತಿದ್ದಬಹುದು ಎಂಬ ಸಂಗತಿ ಹೇಗೋ ಮಂಡಳಿಗೆ ಮುಟ್ಟಿತು. ಹೇಗೋ ಏನು, ನಾನು ನನ್ನ ಹೆಂಡತಿಗೆ ಹೇಳಿದ್ದೆ. ಎಂಟು ಹೆಂಗಸರಲ್ಲಿ ಏಳು ಜನ, ತಗ್ಗಿಸುವುದು ತಮ್ಮನ್ನೇ ಎಂದು ತಿಳಿದರು. ಎಲ್ಲರಿಗಿಂತ ಹೆಚ್ಚು ಹೆದರಿದವರು ಸುಮಿತ್ರಾಬಾಯಿ.

"ರಾಯರ, ನನ್ನ ಮೈಕ ಯಾವ ತೂತಿಗೆ ಹಾಕಾವ್ರು?"

"ಒಂದನೇದಕ್ಕ."

"ಒಂದನೇದ ಛಲೋ ಏನ್ರಿ?"

"ಎಲ್ಲಾ ಒಂದ ನಮೂನಿ ಅದಾವ್ರಿ."

"ಹಂಗಿದ್ರ ಒಂದನೇದ ಯಾಕ? ನಡುವಿಂದ ಕೊಡ್ರಿ."

ಚಿಂತೆ ಇಲ್ಲದವರು ಕಾಕು ಒಬ್ಬರೇ. ನಗುತ್ತ ಎಲ್ಲರಿಗೂ ಅವಲಕ್ಕಿ ಹಂಚುತ್ತಿದ್ದರು. ಅವರಿಗೆ ಆ ಮಾತು ಕೇಳಿಸಿರಲಿಲ್ಲ.

ಕೊನೆಗೆ ನವರಾತ್ರಿ ಕಾಕಾನ ಕೈ ಹಿಡಿದು ಸಹಿ ಮಾಡಿಸಿತು. ಕನ್ನಡದವರ ಸಭೆಯಲ್ಲಿ ಮಂಡಳಿ ಹಾಡುವುದಿತ್ತು. ಅಷ್ಟರೊಳಗೆ ವೈನಿಯವರಿಗೆ ನೀವು ಹೇಳದಿದ್ದರೆ ನಾನೇ ಹೇಳುತ್ತೇನೆ ಎಂದಿದ್ದರು ಸುಮಿತ್ರಾಬಾಯಿ. ಡಬ್ಬಿ ಬಂತು. ಎಂಟು ತೂತು, ಎಂಟೂ ಮೈಕಿನವೇ. ಹಾಳೆಯ ಹನ್ನೊಂದರಲ್ಲಿ ಒಂಬತ್ತನೆಯದು. ಮೈಕುಗಳನ್ನು ಪೆಂಡಾಲು ಹಾಕುವವನಿಂದ ಬಾಡಿಗೆಗೆ ತಂದೆವು. ಕಾಕಾ ಗಾಯಕ್ಕೆ ಅಂಟಿಸುವ ಪಟ್ಟಿಯ ತುಂಡುಗಳ ಮೇಲೆ ಹೆಸರು ಬರೆದು ಒಂದೊಂದು ತೂತಿನ ಕೆಳಗೆ ಅಂಟಿಸಿದರು. ಕಾಕು ಆರನೆಯದು. ಫ್ಯಾನು ಬಂದ್, ಫ್ರಿಜ್ಜು ಬಂದ್. ಬೆವರು ಸುರಿಸುತ್ತ ಎಂಟು ಜನ ಹಾಡಿದರು. ಡಬ್ಬಿ ಒಂದು ಉಸಿರನ್ನೂ ಬಿಡದೆ ಹಿಡಿಯಿತು. ಇಷ್ಟು ಒಳ್ಳೆಯ ಡಬ್ಬಿಯನ್ನು ಆರಿಸಿದ್ದಕ್ಕೆ ಆ ದಿನ ನಾನು ಅವರನ್ನು ಮನಸಾರೆ ಹೊಗಳಿದೆ. ಅಷ್ಟು ಒಳ್ಳೆಯದಾಗಿರಬಾರದಿತ್ತು.

ಮುಂದಿನ ವಾರವೆಲ್ಲ ಕಾಕಾ ಕಂಪ್ಯೂಟರಿನ ಮುಂದೆ. ದನಿ ತಿದ್ದುವುದು ನಟ್ಟು ಬಿಗಿ ಮಾಡಿದಂತಲ್ಲ. ಎಳೆದರೆ ಕಾಕುವಿನ ದನಿ ಕಾಕುವಿನದಾಗಿ ಉಳಿಯುತ್ತಿರಲಿಲ್ಲ. ಬ್ಯಾಂಕಿನ ಫೋನಿನಲ್ಲಿ ಮಾತಾಡುವ ಹೆಂಗಸಿನದಾಗುತ್ತಿತ್ತು. ಒಂದು ಮುಂಜಾನೆ ನಾನು ಕೆಳಗೆ ಹೋದಾಗ ಕಾಕಾ ಸ್ನಾನಕ್ಕೆ ಹೋಗಿದ್ದರು. ಕಾಕು ಕಿವಿಗೆ ಹೆಡ್‌ಫೋನು ಏರಿಸಿ, ದನಿಯನ್ನು ಪೂರ್ತಿ ಹೆಚ್ಚಿಸಿ ಕೂತಿದ್ದರು. ಡಬ್ಬಿಯ ಮೇಲೆ ತಮ್ಮ ಹೆಸರು ಕಂಡು, ಪರದೆಯ ಮೇಲಿನ ಆರನೆಯ ಗುಂಡಿ ಒತ್ತಿದ್ದರು. ಉಳಿದ ಏಳು ಜನ ಸುಮ್ಮನಾಗಿ, ಕಾಕು ಒಬ್ಬರೇ ಹಾಡುತ್ತಿದ್ದರು. ಹೆಡ್‌ಫೋನಿನಿಂದ ಸೋರಿದ್ದು ನನಗೂ ಕೇಳಿಸಿತು, ಇನ್ನೂ ತಿದ್ದದ, ಸುರ ಬಿಟ್ಟ ದನಿ.

ಹಾಡು ಮುಗಿಯುವತನಕ ಅವರು ಅಲ್ಲಾಡಲಿಲ್ಲ. ಟವೆಲ್ ಸುತ್ತಿಕೊಂಡು ಬಂದ ಕಾಕಾ ಬಾಗಿಲಲ್ಲೇ ನಿಂತರು.

"ಇದು ನಾನೇನ್ರಿ?" ಎಂದರು ಕಾಕು.

"ಅಲ್ಲ," ಎಂದು ಕಾಕಾ ಕೂಗಿ ಹೇಳಿದರು. ಈಗ ಅವರೊಡನೆ ಎಲ್ಲವನ್ನೂ ಕೂಗಿಯೇ ಹೇಳಬೇಕು. "ಆರನೇ ತೂತು ಖರಾಬ ಅದ. ನಾನ ತಪ್ಪ ಮಾಲ ತಂದೀನಿ. ವಾಪಸ್ ಕಳಸ್ತೀನಿ."

ಕಾಕು ಹೆಡ್‌ಫೋನು ತೆಗೆದು ಅದರ ವೈರನ್ನು ಅಚ್ಚುಕಟ್ಟಾಗಿ ಸುತ್ತಿಟ್ಟರು. "ಎರಡ ವರ್ಷ ನೋಡಿ ತಂದೀರಿ," ಎಂದಷ್ಟೇ ಹೇಳಿ ಒಳಗೆ ಹೋದರು. ನಕ್ಕರು ಎಂದು ನನ್ನ ನೆನಪು. ನಗಲಿಲ್ಲ ಎನ್ನುತ್ತಾರೆ ಕಾಕಾ.

ಆ ಗುರುವಾರ ಮಂಡಳಿ ಸೇರಿತು. ಕಾಕು ಯಾರೂ ಹೇಳುವ ಮೊದಲೇ ತಾಳ ಎತ್ತಿಕೊಂಡು ಗೋಡೆಯ ಬದಿಗೆ ಕೂತರು. ಹಾಡು ಶುರುವಾಯಿತು. ಅವರ ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ಸುಮಿತ್ರಾಬಾಯಿ ನಿರಾಳವಾಗಿ ಹಾರ್ಮೋನಿಯಂ ಒತ್ತಿದರು. ಮಂಡಳಿ ಅಷ್ಟು ಚೆನ್ನಾಗಿ ಹಾಡಿದ್ದನ್ನು ನಾನು ಕೇಳಿರಲಿಲ್ಲ, ಅದಕ್ಕೇ ನನಗೆ ಎದ್ದು ಹೋಗಬೇಕೆನಿಸಿತು.

ಆಗ ಒಳಕೋಣೆಯಿಂದ ಕಾಕಾ ಬಂದರು. ಇಷ್ಟು ವರ್ಷಗಳಲ್ಲಿ ಒಂದು ಗುರುವಾರವೂ ಅವರು ಆ ಜಮಖಾನೆಯ ಮೇಲೆ ಕಾಲಿಟ್ಟವರಲ್ಲ. ನೇರವಾಗಿ ಕಾಕುವಿನ ಪಕ್ಕ ಕೂತು, ಕಣ್ಣು ಮುಚ್ಚಿ, ಬಾಯಿ ತೆರೆದರು. ಅದನ್ನು ಹಾಡು ಎನ್ನಲಾರೆ. ಸುರ ಇಲ್ಲ, ಮಾತು ನೆನಪಿಲ್ಲ, ಆದರೆ ದನಿ ಚಾಕಣದ ಕಾರ್ಖಾನೆಯಲ್ಲಿ ಯಂತ್ರಗಳ ಸದ್ದು ಮೀರಿ ಕೂಗುವಂಥದ್ದು. ಹಾರ್ಮೋನಿಯಂ ತಪ್ಪಿತು.

"ರಾಯರ, ಬೇಸೂರ ಆಗ್ಲಿಕತ್ತದರಿ," ಎಂದರು ಸುಮಿತ್ರಾಬಾಯಿ.

"ನಂದರಿ. ನಡೀಲಿ, ಕಲೀತೀನಿ," ಎಂದು ಕಾಕಾ ಮುಂದಿನ ಸಾಲನ್ನು ಇನ್ನೂ ಜೋರಾಗಿ, ಇನ್ನೂ ತಪ್ಪಾಗಿ ಹಿಡಿದರು.

ಆ ದನಿ ಕಾಕುವಿಗೂ ಕೇಳಿಸಿರಬೇಕು. ತಾಳ ಕೆಳಗಿಟ್ಟು ಅವರು ಕಾಕಾನ ಕಡೆ ತಿರುಗಿದರು. ಆಮೇಲೆ ಗಂಡನ ಮೊಣಕಾಲಿನ ಮೇಲೆ ಕೈಯಿಂದ ಲಯ ತಟ್ಟುತ್ತ, ಆ ಸಾಲು ಹೇಗೆಂದು ಹೇಳಿಕೊಡಲು ಬಾಯಿ ತೆರೆದರು.