ರಾಕ್ಷಸನಿಗೆ ದಾರಿ ಬಿಟ್ಟವರು

ನಾನು ರಾಕ್ಷಸರನ್ನು ಹುಟ್ಟಿಸುವುದು, ಮನೆಯವರು ನೆರೆಯವರು ಸೇರಿ ಅವರನ್ನು ಕೊಲ್ಲದೆ ಬಿಡುವುದು. ತಮಿಳುನಾಡಿನ ಗಡಿಯಲ್ಲಿ ಕಾಡಂಚಿಗಿರುವ ತಾಳವಾಡಿಯ ನಮ್ಮ ಜಗಲಿಯಲ್ಲಿ ಭಾನುವಾರ ಬಂತೆಂದರೆ ಇದೇ ಪಾಡು. ಬೇರೆ ಊರುಗಳಲ್ಲೂ ಹೀಗಾಗುತ್ತದೋ ಏನೋ, ನನಗಂತೂ ಗೊತ್ತಿಲ್ಲ.

ನಾನು ಇಲ್ಲಿನ ಶಾಲೆಯೊಂದರಲ್ಲಿ ಟೀಚರ್. ಮೈಸೂರಿನಲ್ಲಿ ಓದುವಾಗ ಹಾಸ್ಟೆಲಿನ ಗೆಳತಿಯರಿಂದ ಒಂದು ಆಟ ಕಲಿತೆ. ಒಬ್ಬರು ಕಥೆ ಹೇಳಬೇಕು, ಉಳಿದವರು ಕಥೆಯೊಳಗಿನ ವೀರರಾಗಬೇಕು. ಎದುರಿಗೆ ರಾಕ್ಷಸ ಬಂದರೆ ಏನು ಮಾಡುತ್ತೇವೆಂದು ಬಾಯಲ್ಲಿ ಹೇಳಬೇಕು. ಗೆದ್ದರೋ ಸೋತರೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಹಾಸ್ಟೆಲಿನಲ್ಲಿ ಊಟದ ಗಂಟೆ ಹೊಡೆಯುವುದರೊಳಗೆ ನಾವು ಒಂದು ಗವಿಯನ್ನೇ ಖಾಲಿ ಮಾಡುತ್ತಿದ್ದೆವು. ಸತ್ತ ರಾಕ್ಷಸರ ಬಗ್ಗೆ ಯಾರೂ ಒಂದು ಮಾತು ಕೇಳಿದವರಲ್ಲ.

ಇಲ್ಲಿ ನನಗೆ ಸಿಕ್ಕ ವೀರರು ಮೂವರು. ನನ್ನ ಗಂಡನ ಅಣ್ಣ, ಅಂದರೆ ಭಾವ. ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು. ಪಕ್ಕದ ಮನೆಯ ಬಸ್ ಕಂಡಕ್ಟರ್. ಭಾವನನ್ನು ಕರೆಯಬೇಕಾಗಿಯೇ ಇರಲಿಲ್ಲ. ಅವರ ಬಾಳೆಗೊನೆ ಕಡಿಯುವ ಹೊತ್ತಿಗೆ ಸರಿಯಾಗಿ ಒಂಟಿ ಆನೆಯೊಂದು ಬಂದು ತೋಟವನ್ನು ನೆಲಸಮ ಮಾಡಿ ಹೋಗಿತ್ತು. ಪಟಾಕಿ, ಟಾರ್ಚು, ಕೂಗಾಟ, ಯಾವುದಕ್ಕೂ ಜಗ್ಗಿರಲಿಲ್ಲ. ಆಟದ ವಿಷಯ ಕಿವಿಗೆ ಬಿದ್ದದ್ದೇ ಭಾವ ಚಾಪೆ ಎಳೆದುಕೊಂಡು ಕೂತರು.

"ನಿಜವಾದ್ದ ಮುಟ್ಟಂಗಿಲ್ಲ. ಇಲ್ಲಾದ್ರೂ ಒಂದ್ ದೊಡ್ಡದ್ನ ನನ್ ಕೈಯಾರ ಕೊಲ್ಬೇಕು ಕಣವ್ವ. ಆಗ ನನ್ ಒಟ್ಟೆ ಉರಿ ತಣ್ಗಾಯ್ತದ."

ಪಾಪ, ಅಷ್ಟೇ ತಾನೇ ಎಂದು ನಾನು ಮಾತು ಕೊಟ್ಟೆ.

ಕೋಳಿ ಕುಯ್ಯದವರ ಆಯುಧ

ಮೊದಲು ಆಯುಧ ಹಂಚಬೇಕು. ಭಾವ ಎಲ್ಲಕ್ಕಿಂತ ದೊಡ್ಡ ಕತ್ತಿ ಕೇಳಿದರು, ಕೊಟ್ಟೆ. ಕಂಡಕ್ಟರ್ ತನಗೆ ತನ್ನ ಸೀಟಿಯೇ ಸಾಕೆಂದ. ಅಕ್ಕ ಮಾತ್ರ ಬಿಲ್ಲು, ಗದೆ, ಈಟಿ ಒಂದನ್ನೂ ಒಪ್ಪಲಿಲ್ಲ.

"ನಮ್ಮನೇಲಿ ಕೋಳೀನೇ ಕುಯ್ಯಲ್ಲ. ಲಿಂಗ ಕಟ್ಕಂಡವ್ರು ಈಟಿ ಇಡ್ಕಂಡು ಏನ್ ಮಾಡಾದಮ್ಮಿ?"

"ಅಕ್ಕ, ಅವನು ರಾಕ್ಷಸ. ಊರಿಗೆ ಊರನ್ನೇ ತಿನ್ನೋನು."

"ಆದ್ರೂ ಕೋಳಿಗಿಂತ ದೊಡ್ ಜೀವ ತಾನೆ?"

ಅಷ್ಟು ವರ್ಷ ಈ ಆಟ ಆಡಿದ್ದೇನೆ, ಈ ಲೆಕ್ಕ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಕೊನೆಗೆ ಅಕ್ಕ ಒಂದು ಹಿತ್ತಾಳೆ ತಟ್ಟೆಯನ್ನೂ ಅದನ್ನು ಬಡಿಯಲು ಒಂದು ಕೋಲನ್ನೂ ಕೇಳಿ ತೆಗೆದುಕೊಂಡರು.

"ಸದ್ದ್ ಮಾಡುದ್ರ ಓಯ್ತನ."

"ಹೋಗದಿದ್ರೆ?"

"ಓಗ್ದಿದ್ರ ನಾವೇ ಓಗಾದು. ಇಬ್ರಲ್ಲಿ ಒಬ್ರು ಓದ್ರಾಯ್ತಲ್ಲ!"

ಇಂಜಿನ್ ಆಫ್

ಮುಂದಿನ ವಾರ ವೀರರನ್ನು ಕುದುರೆ ಗಾಡಿಯಲ್ಲಿ ಕೂರಿಸಿ ಕಾಡಿಗೆ ಕಳಿಸಿದೆ. ತಿರುವಿನಲ್ಲಿ ರಾಕ್ಷಸ ದಾರಿಗೆ ಅಡ್ಡ ನಿಂತಿದ್ದ. ಮರದೆತ್ತರ, ಕೆಂಡದಂಥ ಕಣ್ಣು. ನಾನು ದನಿ ಏರಿಸಿ ಚೆನ್ನಾಗಿಯೇ ವರ್ಣಿಸಿದೆ. ಭಾವ "ಎಳ್ದೆ ಕತ್ತಿಯ!" ಎಂದು ದಾಳಕ್ಕೆ ಕೈ ಹಾಕುವಷ್ಟರಲ್ಲಿ ಕಂಡಕ್ಟರ್ ಅವರ ಕೈ ಹಿಡಿದುಕೊಂಡ.

ಅವನದು ಸತ್ಯಮಂಗಲದ ರೂಟು. ಹಾಸನೂರಿನ ಹತ್ತಿರ ಕಬ್ಬಿನ ಲಾರಿಗೆ ಕಾಯುತ್ತಾ ರಸ್ತೆಯಲ್ಲೇ ನಿಲ್ಲುವ ಆನೆಗಳು ಅವನಿಗೆ ದಿನದ ಪರಿಚಯ. ಆನೆ ಎಂದು ಅವನ ಬಾಯಲ್ಲಿ ಬರುವುದೇ ಇಲ್ಲ. ತಮಿಳಿನಲ್ಲಿ ಪೆರಿಯವರು ಎನ್ನುತ್ತಾನೆ, ದೊಡ್ಡವರು ಎಂದು.

"ಅಣ್ಣ, ಕುಂತ್ಕಳಿ. ಪೆರಿಯವ್ರು ದಾಟ್ಲಿ. ಯಾರೂ ಕೆಳಗ ಇಳೀಬೇಡಿ, ಫೋಟೋ ತಗೀಬೇಡಿ. ಇಂಜಿನ್ ಆಫ್ ಮಾಡಿ."

"ಕುದುರೆ ಗಾಡಿಗೆ ಇಂಜಿನ್ ಎಲ್ಲಿಂದ ಬಂತಪ್ಪಾ?" ಎಂದೆ.

"ಅಂಗಾದ್ರ ಕುದುರ ಆಫ್ ಮಾಡಿ."

"ಸರಿ, ಈಗ ಏನು ಮಾಡ್ತೀರಿ?"

"ಕಾಯ್ತೀವಿ."

ಜಗಲಿಯ ಮೇಲೆ ಮೂವರೂ ನಿಜವಾಗಿಯೇ ಮಾತು ನಿಲ್ಲಿಸಿ ಕೂತರು. ಕತ್ತಿ ಎಳೆದಿದ್ದ ಭಾವನೂ ಕೂತರು. ನಾನೇ ಹುಟ್ಟಿಸಿದ ರಾಕ್ಷಸ, ಅವನ ಬಗ್ಗೆ ನನಗೆಂಥ ಭಯ? ಆದರೆ ಆ ಮೂವರ ಮುಖ ನೋಡಿ ಮೊದಲ ಸಲ ನನ್ನ ಮೈ ಜುಮ್ಮೆಂದಿತು. ಅಷ್ಟು ದೊಡ್ಡದೊಂದು ಎದುರಿಗೆ ನಿಂತಾಗ ಹೀಗೆ ಸುಮ್ಮನೆ ಕೂರುವುದನ್ನು ಹಾಸ್ಟೆಲಿನಲ್ಲಿ ನಾವು ಯಾರೂ ಕಲಿತಿರಲಿಲ್ಲ. ಕಾಫಿ ಆಯಿತು, ಹುರಿದ ಕಡಲೆಕಾಯಿ ಆಯಿತು. ಕೊನೆಗೆ ನನಗೇ ಸಾಕಾಗಿ ರಾಕ್ಷಸನನ್ನು ಪೊದೆಯೊಳಗೆ ಕಳಿಸಿದೆ.

ಕಂಡಕ್ಟರ್ ಕಿವಿ ಕಿತ್ತುಹೋಗುವ ಹಾಗೆ ಸೀಟಿ ಊದಿ, "ಪೋಲಾಂ, ರೈಟ್!" ಎಂದ, ಹೊರಡೋಣ ಎಂದು.

ಸಾವಿನ ಮನೆ

ಭಾವನ ಕೊರಗು ನೋಡಲಾರದೆ ಅದರ ಮುಂದಿನ ವಾರ ನಿಧಿಯಿರುವ ಗವಿಯ ಬಾಗಿಲಲ್ಲಿ ಒಬ್ಬ ಕುಳ್ಳ ರಾಕ್ಷಸನನ್ನು ಕಾವಲಿಗಿಟ್ಟೆ. ಸುಲಭದ ಬೇಟೆ. ಆದರೆ ಭಾವನ ಕತ್ತಿಗಿಂತ ಮೊದಲು ಅಕ್ಕನ ತಟ್ಟೆ ಸದ್ದು ಮಾಡಿತು, ದಾಳದಲ್ಲಿ ಇಪ್ಪತ್ತು ಬಿತ್ತು. ಇಪ್ಪತ್ತು ಬಿದ್ದರೆ ಎದುರಿಗಿದ್ದವನು ಸತ್ತಂತೆಯೇ, ನಿಯಮ ಎಂದರೆ ನಿಯಮ. ಆ ಸದ್ದಿಗೆ ಕುಳ್ಳ ಎದೆಯೊಡೆದು ಸತ್ತನೆಂದು ಹೇಳಿ ಚಪ್ಪಾಳೆ ತಟ್ಟಿದೆ.

ಅಕ್ಕನ ಮುಖ ಬಾಡಿಹೋಯಿತು. "ಅಯ್ಯೋ, ನಾ ಎದ್ರುಸಕ ಬಡ್ದದ್ದು ಕಣಮ್ಮಿ. ಅವನ್ ಎಸ್ರೇನು?"

ಹೆಸರು ನಾನು ಇಟ್ಟಿರಲಿಲ್ಲ. ಕುಳ್ಳ ರಾಕ್ಷಸರಿಗೆ ಹೆಸರಿಡುವ ಪದ್ಧತಿಯೇ ಇಲ್ಲ.

"ಎಂಡ್ರು ಮಕ್ಳು ಅವ್ರಾ?"

ಕೇಳಿದ ಮೇಲೆ ಇಲ್ಲ ಎನ್ನುವುದು ಹೇಗೆ? ಒಬ್ಬಳು ಹೆಂಡತಿ ಹುಟ್ಟಿ, ಹುಟ್ಟಿದ ಗಳಿಗೆಯಲ್ಲೇ ವಿಧವೆಯಾದಳು. ನಮ್ಮ ಕಾಡಂಚಿನಲ್ಲಿ ಆನೆ ಸತ್ತರೆ ಜನ ಅರಿಸಿನ, ಕುಂಕುಮ, ಹೂವು, ಊದುಬತ್ತಿ ಹಿಡಿದು ಹೋಗಿ ಕೈಮುಗಿದು ಬರುತ್ತಾರೆ. ಹೊಲ ತುಳಿದ ಆನೆಯಾದರೂ ಸರಿಯೇ. ಕುಳ್ಳನಿಗೂ ಅಷ್ಟೆಲ್ಲ ಆಯಿತು. ಕಂಡಕ್ಟರ್ ಗುಂಡಿ ತೋಡಿದ. ಭಾವ ಗೊಣಗುತ್ತಲೇ ಒಂದು ಹಿಡಿ ಮಣ್ಣು ಹಾಕಿದರು.

"ನಿಧಿಯ ಬಾಗಿಲು ತೆರೆದೇ ಇದೆ," ಎಂದು ಆಸೆ ತೋರಿಸಿದೆ.

"ಸಾವಾದ ಮನೇಲಿ ಪೆಟ್ಗ ಮುಟ್ಟಾರಾ? ಟೀಚರಾಗಿ ಇದ್ನಾ ಏಳ್ಕೊಡಾದು?" ಎಂದು ಅಕ್ಕ ನನ್ನನ್ನೇ ಗದರಿದರು. "ಒಲೆನೂ ಅಚ್ಚಿರಲ್ಲ ಪಾಪ. ಮೊದ್ಲು ಆ ಎಂಗ್ಸುಗ ಊಟ ತಕ್ಕೊಂಡೋಗಣ."

"ಅಕ್ಕ, ಅವರು ಮನುಷ್ಯರನ್ನ ತಿನ್ನೋರು!"

"ದಿನಾ ತಿಂತಾರಲ್ಲ, ಇವತ್ತೊಂದಿನ ಮುದ್ದ ಉಣ್ಲಿ."

ಭಾವನ ಸರದಿ

ಅಲ್ಲಿಗೆ ಭಾವನ ತಾಳ್ಮೆ ಮುಗಿಯಿತು. "ಈ ಸಲ ಇವ್ರಿಬ್ರೂ ಬಾಯ್ ಮುಚ್ಕಂಡಿರ್ಬೇಕು. ನಾನು, ಅದು, ಇಬ್ರೇ," ಎಂದರು. ನಾನೂ ಅವರ ಪರವೇ. ಕೊಟ್ಟ ಮಾತು ಉಳಿಸಿಕೊಳ್ಳಬೇಕಲ್ಲ. ಕತ್ತಿ ಹೊತ್ತುಕೊಂಡು ತಿರುಗಿ ತಿರುಗಿ ಒಂದು ಸೊಳ್ಳೆಯನ್ನೂ ಹೊಡೆಯದ ವೀರ ಅವರು.

ಯಾರಿಗೂ ಕರುಣೆ ಬರಬಾರದೆಂದು ದೊಡ್ಡ ರಾಕ್ಷಸನನ್ನು ಬಾಳೆತೋಟದೊಳಗೇ ಇಳಿಸಿದೆ. ಗೊನೆ ಬಿಟ್ಟ ಗಿಡಗಳನ್ನು ಒಂದೊಂದಾಗಿ ಮುರಿಯುತ್ತಿದ್ದಾನೆ ಎಂದಾಗ ಭಾವನ ಕಿವಿ ಕೆಂಪಾದವು. ದಾಳ ಎಸೆದರು. ಮತ್ತೆ ಎಸೆದರು. ಅಂದು ಅವರು ಮುಟ್ಟಿದ್ದೆಲ್ಲ ಗೆಲುವು. ರಾಕ್ಷಸ ಮಂಡಿಯೂರಿ ಬಿದ್ದ.

"ಇನ್ನೊಂದೇ ಏಟು, ಭಾವ. ದಾಳವೂ ಬೇಡ. ಹೂಂ ಅನ್ನಿ, ಸತ್ತ."

ಭಾವ ಹೂಂ ಅನ್ನಲಿಲ್ಲ. ಎತ್ತಿದ ಕೈ ಎತ್ತಿದಂತೆಯೇ ಇತ್ತು.

"ಉಸ್ರಾಡ್ತಾ ಅದ್ಯಾ?"

"ಆಡ್ತಿದೆ."

"ನನ್ ಕಡ ನೋಡ್ತಾ ಅದ್ಯಾ?"

"ನೋಡ್ತಿದೆ, ಭಾವ."

"ಅದ್ರ ಒಟ್ಟೆ ತುಂಬ್ತಾ?"

ತೋಟವನ್ನೇ ಕಳೆದುಕೊಂಡ ಮನುಷ್ಯ ಕೇಳುವ ಪ್ರಶ್ನೆಯೇ ಇದು! ಅರ್ಧ ತುಂಬಿದೆ ಎಂದೆ. ಭಾವ ಕೈ ಇಳಿಸಿದರು. ಎರಡೂ ಕೈ ಜೋಡಿಸಿ, ನಿಜವಾದ ಆನೆ ಹೊಲಕ್ಕೆ ಬಂದಾಗ ನಮ್ಮ ಕಡೆ ಹೇಳುವ ಹಾಗೆಯೇ ಹೇಳಿದರು, "ಎದ್ದೋಗು ಸಾಮಿ. ನಿನ್ ಕಾಡ್ಗ ನೀ ಓಗು."

ಕಂಡಕ್ಟರ್ ತಾನೂ ಕೈ ಮುಗಿದ. ಇಷ್ಟು ದಿನ ಒಂದೇ ಮನೆಯಲ್ಲಿ ಉಂಡು ನಾನು ಈ ಭಾವನನ್ನು ನೋಡಿಯೇ ಇರಲಿಲ್ಲವಲ್ಲ ಎನ್ನಿಸಿತು. ರಾಕ್ಷಸ ಎದ್ದು ಕಾಡಿಗೆ ಹೋದ. ಆಟದ ಯಾವ ನಿಯಮದ ಪ್ರಕಾರ ಹೋದ ಎಂದು ನನ್ನನ್ನು ಕೇಳಬೇಡಿ.

ಅಕ್ಕನಿಗೇ ತಡೆಯಲಾಗಲಿಲ್ಲ. "ಇಷ್ಟ್ ದಿವ್ಸ ಕೊಲ್ತೀನಿ ಕೊಲ್ತೀನಿ ಅಂತ ಕುಣ್ದು, ಈಗ್ಯಾಕ ಬುಟ್ರಿ?"

ಭಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು.

"ಬುಡ್ದೆ ಇನ್ನೇನ್ ಮಾಡ್ಲಿ? ಅದ್ನ ಕೊಂದ್ಬುಟ್ರ ನಾಳಯಿಂದ ನಾನ್ ಯಾರ್ನ ಬಯ್ಯಾದು? ನಿನ್ನ ಬಯ್ಯಕಾಯ್ತದಾ?"