ಸ್ವಾಹಾ ಅಂದಮೇಲೆ ಮುಗೀತು

ನಲವತ್ತು ವರ್ಷದಿಂದ ಹೋಮದ ಹೊಗೆ ಕುಡಿಯುತ್ತ ಬಂದವನು ನಾನು. ಇಷ್ಟು ವರ್ಷದಲ್ಲಿ ಒಂದು ಹೋಮವಾದರೂ ಪುಸ್ತಕದಲ್ಲಿ ಬರೆದ ಹಾಗೆ ನಡೆದ ನೆನಪಿಲ್ಲ. ಆಳಂದದಲ್ಲಿ ಬೈಕಿಗೆ ಚೀಲ ಕಟ್ಟುವಾಗಲೇ ಎದೆ ಕೇಳುತ್ತದೆ, ಇವತ್ತೇನು ಕಾದಿದೆಯಪ್ಪಾ ಎಂದು. ಏನಾದರೊಂದು ಕಾದೇ ಇರುತ್ತದೆ.

ತಪ್ಪು ಹೋಮ ಮಾಡಿಸುವವರದಲ್ಲ, ನನ್ನದೇ ಎಂದು ನನ್ನ ಹೆಂಡತಿಯ ತೀರ್ಪು. ನನಗೆ ಅರ್ಥ ಹೇಳುವ ಚಟ. ಮಂತ್ರ ಹೇಳಿ ಸುಮ್ಮನೆ ಕೂರುವುದು ನನ್ನಿಂದಾಗದ ಕೆಲಸ. ಯಾಕೆ ತುಪ್ಪ, ಯಾಕೆ ಎಳ್ಳು, ಸ್ವಾಹಾ ಅಂದರೇನು, ಎಲ್ಲವನ್ನೂ ಬಿಡಿಸಿ ಹೇಳಿದರೇ ನನಗೆ ಆಮೇಲಿನ ಊಟ ರುಚಿಸುವುದು. ಈಚೆಗೆ ನಮ್ಮೂರಿಗೆ ಇನ್ನೊಬ್ಬ ಪುರೋಹಿತ ಬಂದಿದ್ದಾನೆ. ನಲವತ್ತು ನಿಮಿಷದಲ್ಲಿ ಗಣಹೋಮ ಮುಗಿಸಿ ಕೈ ತೊಳೆದುಬಿಡುತ್ತಾನೆ. ಮಂತ್ರ ಬಿಟ್ಟು ಬೇರೊಂದು ಮಾತು ಅವನ ಬಾಯಿಂದ ಬರುವುದಿಲ್ಲ. ಜನಕ್ಕೆ ಅವನೇ ಹಿಡಿಸಿದ್ದಾನೆ. ನನ್ನ ಅಪ್ಪ, ಅಜ್ಜ ಉಳಿಸಿಕೊಂಡು ಬಂದ ಮನೆಗಳೂ ಹೊಸದಾಗಿ ಸಿಕ್ಕವೂ ನನ್ನ ಕಾಲದಲ್ಲಿ ಒಂದೊಂದಾಗಿ ಕೈಬಿಟ್ಟುಹೋದವು. ಹೇಗೆ ಹೋದವು ಎಂಬುದನ್ನು ಹೇಳುತ್ತೇನೆ. ನಕ್ಕರೆ ನಗಿ, ನನಗೇನೂ ಬೇಜಾರಿಲ್ಲ. ಸ್ವಲ್ಪ ಇದೆ.

೧. ದೇವರ ಬಾಯಿ

ಆಳಂದದಲ್ಲೇ ಒಂದು ಗೃಹಪ್ರವೇಶ. ಮನೆಯವರು ಬಸವಣ್ಣನವರ ಹಾದಿಯವರು, ಕೊರಳಲ್ಲಿ ಲಿಂಗ ಕಟ್ಟಿದವರು. ಅವರಲ್ಲಿ ಹೋಮದ ರೂಢಿಯಿಲ್ಲ. ಕಿರಾಣಿ ಅಂಗಡಿ ಇಟ್ಟಿದ್ದ ಮೊಮ್ಮಗ ಅಕ್ಕಪಕ್ಕದವರ ಮಾತು ಕೇಳಿ ನನ್ನನ್ನು ಕರೆಸಿದ್ದ. ಅವನ ಅಜ್ಜಿಗೆ ಇದು ಚೂರೂ ಒಪ್ಪಿಗೆಯಿರಲಿಲ್ಲ. ಕಂಬಕ್ಕೆ ಒರಗಿ ಕೂತು ನಾನು ಹಾಕುವ ಒಂದೊಂದು ಸೌಟು ತುಪ್ಪವನ್ನೂ ಕಣ್ಣಲ್ಲೇ ಅಳೆಯುತ್ತಿದ್ದಳು. ಕೊನೆಗೆ ತಡೆಯಲಾಗಲಿಲ್ಲ.

“ಏನ್ರಿ ಆಚಾರ್ರೇ, ಚಲೋ ತುಪ್ಪ ಬೆಂಕ್ಯಾಗ ಯಾಕ ಸುರಿಯಾಕತ್ತೀರಿ? ಬಂದವ್ರ ತಾಟಿಗಿ ಹಾಕಿದ್ರ ಪುಣ್ಯ ಬರ್ತಿದ್ದಿಲ್ಲೇನು?”

ಇಂಥ ಪ್ರಶ್ನೆ ಕೇಳುವವರು ಸಿಕ್ಕರೆ ನನಗೆ ಹಬ್ಬ. “ಅಜ್ಜಿ, ಅಗ್ನಿ ಅಂದ್ರ ದೇವರ ಬಾಯಿ. ಇದರಾಗ ಹಾಕಿದ್ದು ಸುಟ್ಟು ಹೋಗಂಗಿಲ್ಲ, ದೇವತೆಗಳಿಗಿ ಹೋಗಿ ಮುಟ್ತದ. ಅವರಿಗಿ ಇದ ಊಟ” ಎಂದೆ.

“ಊಟ ಅಂದ್ರ ಇಷ್ಟೇನು? ತುಪ್ಪ, ಎಳ್ಳು, ಬೆಲ್ಲ?”

“ಪಾಯಸಾನೂ ಅದಲ್ಲಜ್ಜಿ.”

ಅಜ್ಜಿ ಎದ್ದು ಒಳಗೆ ಹೋದಳು. ಒಬ್ಬ ಹಿರಿಜೀವಕ್ಕೆ ತಿಳಿಯುವಂತೆ ಹೇಳಿದೆನಲ್ಲ ಎಂದು ನಾನು ಒಳಗೊಳಗೇ ಉಬ್ಬಿದೆ. ಕಣ್ಣು ಮುಚ್ಚಿ ಮುಂದಿನ ಮಂತ್ರ ಹಿಡಿದಿದ್ದೆನಷ್ಟೆ, ಅಜ್ಜಿ ಬಂದು ಬಗ್ಗಿ ಎರಡು ಜೋಳದ ರೊಟ್ಟಿ ಕುಂಡದೊಳಗೆ ಇಟ್ಟಳು. ಒಂದೊಂದರ ಮೇಲೂ ಒಂದೊಂದು ಮುಷ್ಟಿ ಶೇಂಗಾ ಹಿಂಡಿ. ನಮ್ಮ ಕಡೆಯ ಹಿಂಡಿಯಲ್ಲಿ ಶೇಂಗಾ ಎಷ್ಟೋ ಮೆಣಸಿನಕಾಯಿಯೂ ಅಷ್ಟೇ. ಊಟಕ್ಕೆ ಬಡಿಸಿದ ಮೇಲೆ ಕಮ್ಮಿಯಾಗಬಾರದೆಂದು ಬಟ್ಟಲಲ್ಲಿ ಉಳಿದಿದ್ದ ಕೆಂಪು ಖಾರವನ್ನೂ ಬಗ್ಗಿಸಿದಳು.

ಮುಂದಿನದನ್ನು ಹೇಳುವಾಗ ಈಗಲೂ ನನಗೆ ಕೆಮ್ಮು ಬರುತ್ತದೆ. ನಡುಹೋಮದಲ್ಲಿ ಆಸನ ಬಿಟ್ಟು ಏಳಬಾರದೆಂದು ನನ್ನ ಅಪ್ಪ ಕಲಿಸಿದ್ದರು. ಅವತ್ತು ಮೊದಲು ಹೊಸ್ತಿಲು ದಾಟಿ ಹಾರಿದವನೇ ನಾನು. ನನ್ನ ಹಿಂದೆ ಯಜಮಾನ, ಅವನ ಹೆಂಡತಿ, ಬೀಗರು, ಬಳಗ. ಓಣಿಯ ತುಂಬ ಜನ ಗೋಡೆ ಹಿಡಿದುಕೊಂಡು ಕೆಮ್ಮುತ್ತಿದ್ದಾರೆ, ಸೀನುತ್ತಿದ್ದಾರೆ, ಕಣ್ಣಲ್ಲಿ ಮೂಗಲ್ಲಿ ನೀರು. ಎದುರುಮನೆಯವರು ಯಾರೋ ಹೋದರೇನೋ ಎಂದುಕೊಂಡು ಓಡಿ ಬಂದರು.

ಅಜ್ಜಿ ಎಲ್ಲರಿಗಿಂತ ಕೊನೆಗೆ, ನಿಧಾನವಾಗಿ ಹೊರಬಂದಳು. ಸೆರಗಿನಿಂದ ಮೂಗು ಒರಸಿಕೊಂಡು ನನ್ನ ಕಡೆ ತಿರುಗಿ, ಬಹಳ ಸಮಾಧಾನದಿಂದ ಹೇಳಿದಳು: “ನೀವು ಹೇಳಿದ್ದು ಖರೇ ಅದ ಬಿಡ್ರಿ. ದೇವರಿಗಿ ಖಾರ ಹತ್ಯದ ನೋಡ್ರಿ. ಅಂದ್ರ ಮುಟ್ಯದ.”

೨. ಹೊಕ್ಕಳಿನಿಂದ ಬರಬೇಕು

ಆ ಮನೆ ಹೋಯಿತು. ಅಫಜಲಪುರದಲ್ಲಿ ಒಂದಿಡೀ ಓಣಿ ಹೋದದ್ದು ಹೀಗೆ.

ನಿವೃತ್ತ ಹೆಡ್‌ಮಾಸ್ತರರೊಬ್ಬರ ಎಪ್ಪತ್ತರ ಶಾಂತಿ, ಓಣಿಯವರೆಲ್ಲ ಸೇರಿದ್ದರು. ಶಿಸ್ತಿನ ಮನುಷ್ಯ. ಸಂಕಲ್ಪ, ಆಚಮನ ಎಲ್ಲ ಅಚ್ಚುಕಟ್ಟು. ಆದರೆ ಸ್ವಾಹಾ ಎನ್ನುವಾಗ ಮಾತ್ರ ತುಟಿ ಅಲ್ಲಾಡುತ್ತಿರಲಿಲ್ಲ, ಯಾರೋ ಕದ್ದು ಕೇಳಿಯಾರೆಂಬಂತೆ ಗೊಣಗುತ್ತಿದ್ದರು. ಪ್ರತಿ ಆಹುತಿಗೂ ನನಗೆ ಕಸಿವಿಸಿ. ಕೊನೆಗೆ ಸೌಟು ಕೆಳಗಿಟ್ಟೆ.

“ಮಾಸ್ತರರೇ, ಸ್ವಾಹಾ ಅಂದ್ರ ಅಗ್ನಿದೇವರ ಹೆಂಡತಿ. ಆಕೀ ಹೆಸರು ತಗೊಳ್ಳಲಾರದ ಕೊಟ್ಟದ್ದು ಮ್ಯಾಲಿನವ್ರಿಗಿ ಮುಟ್ಟಂಗಿಲ್ಲ. ಬಾಯಿತುಂಬ ಅನಬೇಕ್ರಿ, ಹೊಕ್ಕಳಿಂದ ಬರಬೇಕು. ಇನ್ನೊಂದು ಮಾತು, ಒಮ್ಮೆ ಅಗ್ನಿಗಿ ಬಿದ್ದದ್ದು ಹಿಂದ ತಗೀಬಾರದು. ತಪ್ಪಿ ಬಿದ್ರೂ ಅದು ದೇವರ ಪಾಲು.”

ನಲವತ್ತು ವರ್ಷ ಮಕ್ಕಳಿಂದ ಮಗ್ಗಿ ಕೂಗಿಸಿದ ಮನುಷ್ಯನಿಗೆ, ನಿಮ್ಮ ದನಿ ಸಾಲದು ಅಂದರೆ ಹೇಗಿರುತ್ತದೆ? ಮಾಸ್ತರರ ಕಿವಿ ಕೆಂಪಾಯಿತು. ಬೆನ್ನು ನೆಟ್ಟಗೆ ಮಾಡಿದರು, ಉಸಿರು ಎಳೆದುಕೊಂಡರು, ತುಪ್ಪದ ಸೌಟು ಮುಂದೆ ಚಾಚಿ “ಸ್ವಾಹಾ” ಎಂದು ಗುಡುಗಿದರು.

ತುಪ್ಪ ಬಿತ್ತು. ಅದರ ಹಿಂದೆಯೇ ಅವರ ಮೇಲಿನ ಸಾಲಿನ ಹಲ್ಲುಗಳೂ ಬಿದ್ದವು. ಸೊಲ್ಲಾಪುರಕ್ಕೆ ನಾಲ್ಕು ಸಲ ಹೋಗಿ ಅಳತೆ ಕೊಟ್ಟು, ಹತ್ತು ದಿನದ ಹಿಂದಷ್ಟೇ ತಂದಿದ್ದ ಹೊಸ ಸೆಟ್ಟು. ಉರಿಯ ನಡುವೆ ಅದು ನಮ್ಮನ್ನೆಲ್ಲ ನೋಡಿ ನಗುತ್ತ ಕೂತಿತ್ತು.

ಮಾಸ್ತರರು ಇಕ್ಕಳಕ್ಕೆ ಕೈ ಹಾಕಿದರು. ಅರ್ಧಕ್ಕೇ ನಿಲ್ಲಿಸಿ ನನ್ನ ಮುಖ ನೋಡಿದರು. ನಿಯಮ ಅಂದರೆ ನಿಯಮ ಎಂದು ಬದುಕಿದ ಮನುಷ್ಯ, ನನ್ನ ಅಪ್ಪಣೆಗೆ ಕಾಯುತ್ತಿದ್ದಾರೆ. ತೆಗೀರಿ ಅನ್ನೋಣವೆಂದರೆ, ತೆಗೆಯಬಾರದು ಎಂದ ನಾಲಿಗೆಯಲ್ಲಿ ಇನ್ನೂ ತೇವ ಆರಿಲ್ಲ. ನಾನು ಹೌದೋ ಅಲ್ಲವೋ ಎಂದು ತೂಗಾಡುವಷ್ಟರಲ್ಲಿ ವಾಸನೆ ಬಂತು. ಇನ್ನು ತೆಗೆದೂ ಉಪಯೋಗವಿರಲಿಲ್ಲ.

ಊಟದಲ್ಲಿ ಎಲ್ಲರಿಗೂ ಹೋಳಿಗೆ, ಮಾಸ್ತರರಿಗೆ ಪಾಯಸ. ಅವರ ಹೆಂಡತಿ ನನ್ನ ಹೋಳಿಗೆಗೆ ತುಪ್ಪ ಬಡಿಸುತ್ತ ಸಮಾಧಾನ ಹೇಳಿದರು: “ಮನಸಿಗಿ ಹಚ್ಕೋಬ್ಯಾಡ್ರಿ ಆಚಾರ್ರೇ. ಎಷ್ಟು ವರ್ಷದಿಂದ ಉಣ್ಣಾಕತ್ತಾನ ದೇವರು, ಅವನಿಗೂ ಹಲ್ಲು ಬೇಕಾಗಿದ್ದವು.”

೩. ಇದು ನನ್ನದಲ್ಲ

ಹವಳಗಾದ ಕಡೆ ಒಬ್ಬ ಕಬ್ಬಿನ ರೈತ ಹೊಸ ಟ್ರ್ಯಾಕ್ಟರ್ ತಂದ. ಪೂಜೆ ಮಾತ್ರ ಸಾಕು ಎಂದ. ಹೋಮವೇ ಮಾಡೋಣ ಎಂದವನು ನಾನು. ಮಾಡದಿದ್ದರೆ ಚೆನ್ನಾಗಿತ್ತು.

ಆಹುತಿ ಕೊಟ್ಟಾದ ಮೇಲೆ “ನ ಮಮ” ಎಂದು ಹೇಳುವ ಪದ್ಧತಿ. ಇದು ನನ್ನದಲ್ಲ ಎಂದು ಅದರ ಅರ್ಥ. ಇಡೀ ಹೋಮದ ಜೀವ ಇರುವುದು ಆ ಎರಡು ಮಾತಿನಲ್ಲಿ ಎಂದು ನಾನು ನಂಬಿದವನು. “ಕೊಡಾಕತ್ತ ಕೈ ಖರೇನ ಬಿಚ್ಚಬೇಕ್ರಿ. ನಂದು ಅನ್ನೋದು ಬಿಟ್ರ ಅದು ಆಹುತಿ, ಇಲ್ಲಂದ್ರ ಬರೀ ಅಡಿಗಿ” ಎಂದು ಹೇಳಿ, ಸಂಸ್ಕೃತ ಅವನಿಗೆ ತಿಳಿಯದೆಂದು ಕನ್ನಡದಲ್ಲೇ ಹೇಳಿಸಿದೆ. ಟ್ರ್ಯಾಕ್ಟರಿನ ಎದುರು ಕೂತು ನೂರಾ ಎಂಟು ಸಲ, “ಇದು ನನ್ನದಲ್ಲ, ಇದು ನನ್ನದಲ್ಲ.” ಎಂಬತ್ತು ದಾಟುವಷ್ಟರಲ್ಲಿ ಅವನ ಕಣ್ಣು ತುಂಬಿ ಬಂತು. ನನ್ನ ಕಣ್ಣೂ ತುಂಬಿತು. ಎದುರಿಗೆ ಅವನ ಹೆಂಡತಿಯ ತಮ್ಮ ಕೂತಿದ್ದ. ಅವನೂ ಭಕ್ತಿಯಿಂದ ಬೆರಳು ಮಡಚುತ್ತ ಎಣಿಸುತ್ತಿದ್ದ.

ಊಟ ಮುಗಿಸಿ ಅಂಗಳಕ್ಕೆ ಬಂದರೆ ಟ್ರ್ಯಾಕ್ಟರ್ ಇಲ್ಲ. ಚಕ್ರದ ಕೆಳಗಿಟ್ಟಿದ್ದ ನಾಲ್ಕು ನಿಂಬೆಹಣ್ಣು ಒಡೆದು ಬಿದ್ದಿವೆ. ಹೆಂಡತಿಯ ತಮ್ಮನೂ ಇಲ್ಲ. ಫೋನು ಹಚ್ಚಿದರೆ ಯಡ್ರಾಮಿಯ ದಾರಿಯಿಂದ ಎಂಜಿನ್ ಸದ್ದಿನ ನಡುವೆ ಅವನ ಉತ್ತರ ಬಂತು.

“ಭಾವಾ, ಅಗ್ನಿ ಮುಂದ ಕುಂತು ನೂರಾ ಎಂಟು ಸಲ ನನ್ನದಲ್ಲ ಅಂದೀರಿ. ನಾ ಎಣಿಸೇನಿ, ಒಂದೂ ಕಮ್ಮಿ ಇಲ್ಲ. ಯಾರದೂ ಅಲ್ಲದ್ದು ಬಿಸಿಲಾಗ ನಿಂತಿತ್ತು. ಒಯ್ಯಾಕತ್ತೇನಿ.”

ಯಜಮಾನ ನನ್ನನ್ನು ನೋಡಿದ ನೋಟ ಈಗಲೂ ಕನಸಿನಲ್ಲಿ ಬರುತ್ತದೆ. ಟ್ರ್ಯಾಕ್ಟರ್ ಎಂಟು ದಿನದ ಮೇಲೆ, ಅವನ ಭಾವಮೈದುನನ ಹೊಲವೆಲ್ಲ ಹರಗಿ, ಟೈರಿನ ತುಂಬ ಕರಿಮಣ್ಣು ಮೆತ್ತಿಕೊಂಡು ವಾಪಸು ಬಂತು. ಅವತ್ತೇ ಯಜಮಾನ ನನಗೆ ಫೋನು ಮಾಡಿದ. ಬೈಯುತ್ತಾನೆಂದು ಕಿವಿಯಿಂದ ದೂರ ಹಿಡಿದುಕೊಂಡೆ. ಬೈಯಲಿಲ್ಲ ಪಾಪ.

“ಆಚಾರ್ರೇ, ಇದು ನನ್ನದು ಅನ್ನೋ ಹೋಮ ಏನರ ಅದ ಏನ್ರಿ?”

೪. ಜೇವರ್ಗಿಯ ತಾಯಿ

“ಉಳದದ್ದು ಜೇವರ್ಗಿ ಮನಿ ಒಂದ” ಎಂದಳು ನನ್ನ ಹೆಂಡತಿ. “ಅದೂ ಹೋತು ಅಂದ್ರ ನೀವು ದಿನಾ ಮನ್ಯಾಗ ಕುಂತು ನನಗ ಅರ್ಥ ಹೇಳ್ತೀರಿ. ಅದು ನನ್ನ ಕೈಲೆ ಆಗಂಗಿಲ್ಲ. ಮಂತ್ರ ಹೇಳ್ರಿ, ಉಣ್ರಿ, ಬರ್ರಿ.” ತುಳಸಿಕಟ್ಟೆ ಮುಟ್ಟಿಸಿ ಆಣೆ ಹಾಕಿಸಿಕೊಂಡಳು. ನಾನೂ ಗಟ್ಟಿ ಮನಸ್ಸು ಮಾಡಿದೆ. ಮೂರು ತಲೆಮಾರಿನ ಮನೆ, ನನ್ನ ಕೈಯಲ್ಲಿ ಅದೂ ಮುರಿದುಬೀಳುವುದು ಬೇಡ.

ಆ ಮನೆಯ ಕಥೆ ಇಷ್ಟು. ದೊಡ್ಡ ವಾಡೆ ಮನೆ, ಇಬ್ಬರು ಅಣ್ಣತಮ್ಮಂದಿರಿಗೆ ಎರಡು ಪಾಲು. ಎಮ್ಮೆ ಕಟ್ಟುವ ಗೂಟ ಎಲ್ಲಿ ಹೂಳಬೇಕು ಎಂಬುದಕ್ಕೆ ಹನ್ನೊಂದು ವರ್ಷದ ಹಿಂದೆ ಜಗಳವಾಗಿ ಮಾತು ಬಿಟ್ಟರು. ಎಮ್ಮೆ ಸತ್ತು ಒಂಬತ್ತು ವರ್ಷವಾಯಿತು, ಜಗಳ ಗಟ್ಟಿಮುಟ್ಟಾಗಿದೆ. ಎರಡು ಮನೆಯ ನಡುವೆ ಒಂದು ಬಾಗಿಲು. ಅಣ್ಣ ಆ ಕಡೆಯಿಂದ ಕಟ್ಟಿಗೆಯ ಅಗಳಿ ಅಡ್ಡ ಹಾಕಿದ. ಇವನೊಬ್ಬನೇ ಯಾಕೆ ಹಾಕಬೇಕು ಎಂದು ತಮ್ಮ ಈ ಕಡೆಯಿಂದಲೂ ಒಂದು ಅಗಳಿ ಮಾಡಿಸಿ ಹಾಕಿದ.

ಎಂಬತ್ತು ದಾಟಿದ ತಾಯಿಗೆ ಮಧ್ಯಾಹ್ನದ ಊಟ ಅಣ್ಣನ ಮನೆಯಲ್ಲಿ, ರಾತ್ರಿಯದು ತಮ್ಮನ ಮನೆಯಲ್ಲಿ. ಮೊಣಕಾಲು ಹಿಡಿದುಕೊಂಡು, ಕೋಲೂರಿಕೊಂಡು ಬೀದಿಗಿಳಿದು, ಸುತ್ತುಹಾಕಿ ಹೋಗಬೇಕು. “ಕಣ್ಣು ಮುಚ್ಚೂದ್ರಾಗ ಒಮ್ಮೆ ಒಳಗಿಂದ ಒಳಗ ನಡದು ಹೋಗಬೇಕ್ರಿ, ಇನ್ನೇನೂ ಬ್ಯಾಡ” ಎಂದು ನನ್ನ ಹತ್ತಿರ ಪ್ರತಿವರ್ಷ ಹೇಳುತ್ತಿದ್ದಳು. ಅದಕ್ಕೇ ವರ್ಷಕ್ಕೊಂದು ಹೋಮ ಮಾಡಿಸುತ್ತಿದ್ದಳು. ಮಕ್ಕಳಿಬ್ಬರೂ ಅವ್ವನ ಮಾತಿಗೆ ಬಂದು ಕುಂಡದ ಆಚೆಗೊಬ್ಬ ಈಚೆಗೊಬ್ಬ ಕೂತು, ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಹೋಗುತ್ತಿದ್ದರು. ನಾನು ವರ್ಷವರ್ಷವೂ ತ್ಯಾಗ, ಬಿಡುವುದು ಎಂದು ಗಂಟಲು ಹರಿದುಕೊಂಡರೂ ಗೋಡೆಯ ಮುಂದೆ ಹೇಳಿದ ಹಾಗೆ.

ಈ ಸಲ ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ತಾಯಿ ಹಾಸಿದ ಕೌದಿಯ ಮೇಲೆ ಕಾಲು ಚಾಚಿಕೊಂಡು ಕಾದಳು, ಕಾದಳು.

“ಅರ್ಥ ಹೇಳ್ರಲ್ಲ ಆಚಾರ್ರೇ.”

ತಲೆ ಅಲ್ಲಾಡಿಸಿದೆ.

“ಯಾಕ್ರಿ, ಗಂಟಲಾ ಕೆಟ್ಟದೇನು?”

ಹೌದು ಎಂದು ಗಂಟಲು ಮುಟ್ಟಿ ತೋರಿಸಿದೆ. ಅಗ್ನಿಯ ಮುಂದೆ ಕೂತು ಹೇಳಿದ ನನ್ನ ಮೊದಲ ಸುಳ್ಳು. ತಾಯಿ ನಿಟ್ಟುಸಿರು ಬಿಟ್ಟಳು.

“ಇರ್ಲಿ, ನಾನ ಹೇಳ್ತೇನಿ. ಇಷ್ಟು ವರ್ಷ ಕೇಳೇನಿ. ನೋಡ್ರಪಾ ಇಬ್ಬರೂ. ತುಪ್ಪ ಅಂಗಡ್ಯಾಗ ಸಿಗ್ತದ, ಅದನ್ನ ಹಾಕಿದ್ರ ಏನೂ ಕೊಟ್ಟಂಗ ಅಲ್ಲ. ಯಾವುದು ಕೈಯಾಗ ಗಟ್ಟಿ ಹಿಡಕೊಂಡಿರ್ತೀರಿ ನೋಡ್ರಿ, ಅದನ್ನ ಕೊಡಬೇಕು. ಅದು ಆಹುತಿ.”

ನಲವತ್ತು ವರ್ಷದಲ್ಲಿ ನಾನು ಇಷ್ಟು ಚೆನ್ನಾಗಿ ಒಮ್ಮೆಯೂ ಹೇಳಿಲ್ಲ. ಮೈ ಝುಮ್ಮೆಂದಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಮಕ್ಕಳು ಮಾತ್ರ ಆಚೆಯವನು ಆಚೆಗೆ, ಈಚೆಯವನು ಈಚೆಗೆ ನೋಡುತ್ತ ಕೂತರು.

ಪೂರ್ಣಾಹುತಿಗೆ ತಾಯಿಯೊಬ್ಬಳನ್ನು ಬಿಟ್ಟು ಎಲ್ಲರೂ ಎದ್ದು ನಿಂತೆವು. ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಕೊಬ್ಬರಿಯನ್ನು ನಾನು ಎತ್ತಿ ಹಿಡಿದಿದ್ದೆ. ತಾಯಿ ಕೌದಿಯ ಮಡಿಕೆಯಿಂದ ಎರಡು ಕಟ್ಟಿಗೆ ಎಳೆದಳು. ಸಮಿಧೆ ಇರಬೇಕೆಂದುಕೊಂಡೆ. ಇಷ್ಟು ದಪ್ಪ ಸಮಿಧೆ ಎಲ್ಲಿಂದ ಬಂತು ಎಂದು ನೋಡುವಷ್ಟರಲ್ಲಿ ಎರಡನ್ನೂ ಬೆಂಕಿಗೆ ಒಗೆದುಬಿಟ್ಟಳು. ಕಿಡಿ ಮೇಲೆದ್ದಿತು.

“ಅವ್ವ, ಅದು ಅಗಳಿ” ಎಂದ ಅಣ್ಣ, ಮುಖ ಸುಣ್ಣವಾಗಿ.

“ಹೌದು. ಮುಂಜಾನಿ ನೀವೆಲ್ಲ ಸ್ನಾನಕ್ಕ ಹೋದಾಗ ತಗದೇನಿ.”

ತಮ್ಮ ಬಗ್ಗಿ ಕುಂಡದೊಳಗೆ ನೋಡಿದ, ಎರಡು ಕಂಡವು. ತಲೆಯೆತ್ತಿ ನೇರವಾಗಿ ಅಣ್ಣನನ್ನೇ ಕೇಳಿದ: “ಅಣ್ಣಾ, ನಿಂದೂ ತಂದಾಳೇನು?”

“ನಿಂದೂ?” ಎಂದ ಅಣ್ಣ.

ಹನ್ನೊಂದು ವರ್ಷದ ಮೇಲೆ ಅವರು ಆಡಿದ ಮೊದಲ ಮಾತುಗಳು ಇವೇ. ಹಿಂದೆ ನಿಂತಿದ್ದ ಸೊಸೆಯರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನನಗೆ ಅದ್ಯಾವುದೂ ತಲೆಗೆ ಹೋಗಲಿಲ್ಲ. ನನ್ನ ಕೊನೆಯ ಮನೆಯೂ ಹೋಯಿತು ಎಂಬುದೊಂದೇ ಕಣ್ಣಮುಂದೆ. ಬಾಗಿಲಿನ ಅಗಳಿಗೆ ಯಾವ ಶಾಸ್ತ್ರದಲ್ಲಿ ಮಂತ್ರವಿದೆ? ಆಣೆ, ತುಳಸಿಕಟ್ಟೆ ಎಲ್ಲ ಮರೆತು ಬಾಯಿಬಿಟ್ಟೆ.

“ಅವ್ವಾರೇ, ಸಮಿಧಾ ಅಂದ್ರ ಅರಳಿ, ಅತ್ತಿ, ಮುತ್ತಲ ಇರಬೇಕ್ರಿ, ಇದು ಹ್ಯಾಂಗ...”

“ಗಂಟಲಾ ಸುದಾರಸ್ತಲ್ಲ” ಎಂದಳು ತಾಯಿ. “ಹಂಗಾರ ಸ್ವಾಹಾ ಅನ್ರಿ.”

ಅಂದೆ. ಮಕ್ಕಳೂ ಅಂದರು. ನಡುವಿನ ಬಾಗಿಲನ್ನು ಕಿರಿಯ ಸೊಸೆ ದೂಡಿದಳು, ಹನ್ನೊಂದು ವರ್ಷದ ಧೂಳು ಉದುರಿಸುತ್ತ ಅದು ಕಿರಗುಟ್ಟಿ ತೆರೆಯಿತು. ತಾಯಿ ಆ ಕಡೆ ಒಮ್ಮೆ ನೋಡಿದಳು. ಎದ್ದು ಹೋಗುತ್ತಾಳೆಂದು ಎಲ್ಲರೂ ದಾರಿ ಬಿಟ್ಟೆವು. ಅವಳು ಏಳಲಿಲ್ಲ. ಕೋಲಿನ ತುದಿಯಿಂದ ಕುಂಡ ತೋರಿಸಿ ನನಗೆ ಹೇಳಿದಳು:

“ಇನ್ನೊಂದೀಟು ತುಪ್ಪ ಹಾಕ್ರಿ ಆಚಾರ್ರೇ. ಸಣ್ಣಾವಂದು ಹತ್ಕೊಂಡದ. ದೊಡ್ಡಾವಂದು ಇನ್ನಾ ಉರಿಯವಲ್ದು.”